ಕೆಂಪು ನೆಲದ ಮೇಲೆ ಕೆಂಪು ಎಣ್ಣೆ

ವಡ್ಡು ಎಂಬ ಊರಿನ ಓಬಳಪ್ಪ ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮುಂಚೆ ಗಾಡಿಯ ಮುಂದಿನ ಮುಚ್ಚಳ ಎತ್ತುತ್ತಿದ್ದ. ಎಡಗೈಯಿಂದ ಎತ್ತಿ, ತಲೆಯಿಂದ ತಡೆದು, ಕೆಳಗೆ ಕಡ್ಡಿ ಕೊಡುತ್ತಿದ್ದ. ಬಲಗೈ ಎದೆಯ ಮಟ್ಟ ದಾಟಿ ಮೇಲೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಒಳಗೆ ಒಂದು ಮೂಲೆಯಲ್ಲಿ ಸ್ಟೀರಿಂಗ್ ಎಣ್ಣೆಯ ಪುಟ್ಟ ಡಬ್ಬಿ. ಅದರ ಬಿರಡೆ ತಿರುವುವ ಮೊದಲು ಸುತ್ತಲಿನ ಧೂಳನ್ನು ಒರೆಸಬೇಕು. ಆ ಸೀಮೆಯ ಧೂಳೆಂದರೆ ಅರ್ಧ ಕಬ್ಬಿಣ. ಒಂದು ಚಿಟಿಕೆ ಒಳಗೆ ಬಿದ್ದರೂ ಪಂಪನ್ನು ಅರದಂತೆ ಉಜ್ಜಿ ತಿನ್ನುತ್ತದೆ. ಒರೆಸಲು ಅವನಿಗೆ ಹೆಂಡತಿ ಭೀಮವ್ವನ ಹಳೆಯ ಸೀರೆಯ ತುಂಡೇ ಬೇಕು. ಅಂಗಡಿಯ ಬನಿಯನ್ ಚಿಂದಿ ನೂಲು ಬಿಡುತ್ತದೆ, ನೂಲು ಹೋಗಿ ಡಬ್ಬಿಯೊಳಗಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ ಎಂದು ಅವನ ವಾದ.

"ನನ್ನ ಸೀರಿ ಮ್ಯಾಲೆ ನನಗಿಂತ ನಿಮ್ಮ ಡಬ್ಬಿಗೇ ಭಾಳ ಆಸಿ," ಎಂದು ಭೀಮವ್ವ ಒಲೆಯ ಮುಂದಿನಿಂದಲೇ ಅನ್ನುತ್ತಿದ್ದಳು.

"ನೀ ಉಟ್ಟು ಉಟ್ಟು ಮೆತ್ತಗ ಮಾಡಿಕೊಡು. ಉಳಿದಿದ್ದು ನಾ ನೋಡ್ಕೊಂತೀನಿ."

ಬಿರಡೆ ತೆಗೆದು ಎಣ್ಣೆಯ ಮಟ್ಟ ನೋಡುವನು. ಬೆರಳ ತುದಿಯಲ್ಲಿ ಒಂದು ಹನಿ ತೆಗೆದು ಮೂಸುವನು. ಸುಟ್ಟ ವಾಸನೆ ಬಂದರೆ ಪಂಪು ದಣಿದಿದೆ ಎಂದರ್ಥ. ಹೆಬ್ಬೆರಳಿನಿಂದ ಬೆಲ್ಟನ್ನು ಒತ್ತಿ ನೋಡುವನು. ಆಮೇಲೆ ಎರಡು ರಬ್ಬರು ಹೋಸುಗಳ ಉದ್ದಕ್ಕೂ, ಎಮ್ಮೆಯ ಮೈ ತಡವಿದ ಹಾಗೆ, ಎಡಗೈ ಆಡಿಸುವನು. ಅಷ್ಟಾದ ಮೇಲೆ ಅವನ ಮುಖಕ್ಕೆ ನೀರು, ಬಾಯಿಗೆ ಚಹಾ.

ಈ ಕಾರ್ತೀಕದಲ್ಲಿ ಓಬಳಪ್ಪ ಹೋದ. ಮಣ್ಣು ಮಾಡಲು ಬಂದವರು ಅವನ ಟಿಪ್ಪರಿನ ಕಾಲದ ಸಾಹಸಗಳನ್ನು ನೆನೆದರು. ಅವೆಲ್ಲ ನಿಜವೇ. ಆದರೆ ಕೊನೆಯ ವರ್ಷಗಳಲ್ಲಿ ಅವನ ಜೀವ ಇದ್ದದ್ದು ಆ ಪುಟ್ಟ ಡಬ್ಬಿಯಲ್ಲಿ. ಅದನ್ನು ಅಂದು ಯಾರೂ ಹೇಳಲಿಲ್ಲ. ಗೊತ್ತಿದ್ದವರೂ ಕಡಿಮೆ.

ಅವನ ವಯಸ್ಸಿನ ಬಹುಪಾಲು ಸಂಡೂರಿನ ಗುಡ್ಡಗಳಲ್ಲಿ ಅದಿರು ಹೊರುವ ಟಿಪ್ಪರುಗಳ ಮೇಲೆ ಕಳೆಯಿತು. ಆ ಗಾಡಿಗಳಿಗೆ ಪವರ್ ಸ್ಟೀರಿಂಗ್ ಎಂಬುದಿರಲಿಲ್ಲ. ಗಣಿಯ ಇಕ್ಕಟ್ಟಿನಲ್ಲಿ, ನಿಂತ ಗಾಡಿಯ ಸ್ಟೀರಿಂಗನ್ನು ನಿಂತಲ್ಲೇ ಕೊನೆಯತನಕ ಎಳೆದು, ಅಲ್ಲೇ ಬಿಗಿಯಾಗಿ ಹಿಡಿದು, ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು. 'ಪೂರ್ತಿ ಕಟ್' ಎನ್ನುತ್ತಿದ್ದರು ಅದಕ್ಕೆ. ಯಾರು ಒಂದೇ ಉಸಿರಿಗೆ ಪೂರ್ತಿ ಕಟ್ ಎಳೆದು ಹಿಡಿಯುತ್ತಾರೋ ಅವನೇ ಗಂಡಸು. ಓಬಳಪ್ಪ ಎಳೆಯುತ್ತಿದ್ದ. ಎಳೆದೂ ಎಳೆದೂ ಬಲಭುಜದೊಳಗೆ ಏನೋ ಹರಿದುಹೋಯಿತು. ಹೊಸಪೇಟೆಯ ಡಾಕ್ಟರು ಫೋಟೋ ತೆಗೆಸಿ, ಇನ್ನು ಕೂಡುವುದಿಲ್ಲ, ಭಾರದ ಕೆಲಸ ಬಿಡು ಎಂದರು. ಅವನು ತಲೆಯಾಡಿಸಿ ಬಂದ. ಮನೆಯಲ್ಲಿ 'ಮುಲಾಮು ಕೊಟ್ಟಾರ' ಎಂದಷ್ಟೇ ಹೇಳಿದ.

ಗಣಿಗಳು ನಿಂತ ವರ್ಷ ಟಿಪ್ಪರುಗಳೂ ನಿಂತವು. ಆಮೇಲೆ ಕೆಲ ಕಾಲ ಅಲ್ಲಿ ಇಲ್ಲಿ ಅವರಿವರ ಗಾಡಿ ಓಡಿಸಿಕೊಂಡಿದ್ದ. ಅಷ್ಟರಲ್ಲಿ ಈ ಗಾಡಿ ಸಿಕ್ಕಿತು. ಹಂಪಿಗೆ ಬರುವವರಿಗಾಗಿ ಹೊಸಪೇಟೆಯ ಹೋಟೆಲಿನವರೊಬ್ಬರು ಮಿನಿಬಸ್ಸಿನೊಳಗೆ ಎರಡು ಮಂಚ, ಗ್ಯಾಸಿನ ಒಲೆ, ನೀರಿನ ಟ್ಯಾಂಕು, ಮೂಲೆಯಲ್ಲೊಂದು ಕಕ್ಕಸು ಕೂಡಿಸಿ ಮಾಡಿಸಿದ್ದು. ಕಾಗದಪತ್ರದಲ್ಲಿ ಮೋಟರ್‌ಹೋಮ್. ಊರವರ ಬಾಯಲ್ಲಿ ಮನಿಗಾಡಿ. ಹಳೆಯದಾಗಿ ಬಣ್ಣ ಹೋಗಿ ಶೆಡ್ಡಿನಲ್ಲಿ ನಿಂತಿದ್ದನ್ನು ಓಬಳಪ್ಪ ಕೊಂಡು ತಂದ. ಅಂದು ಊರ ಹೊರಗಿನ ಬಯಲಿನಲ್ಲಿ ಅದರ ಸ್ಟೀರಿಂಗಿಗೆ ಒಂದೇ ಬೆರಳು ಇಟ್ಟು ತಿರುಗಿಸಿದ. ಅಷ್ಟು ದೊಡ್ಡ ಗಾಡಿ ಸುಮ್ಮನೆ ಹೊರಳಿತು.

"ಭೀಮಿ, ಬೆಣ್ಣಿ ಆಗೈತಿ ನೋಡು, ಬೆಣ್ಣಿ!"

ಭೀಮವ್ವ ಮಂಚದ ಮೇಲೆ ಕುಳಿತು ಬಯಲನ್ನು ಸುತ್ತಿ ಸುತ್ತಿ ಕೊನೆಗೆ ತಲೆ ತಿರುಗಿ, "ಸಾಕ್ರಿ, ನಿಲ್ಲಿಸ್ರಿ, ಉಂಡಿದ್ದು ಹೊರಗ ಬರ್ತೈತಿ" ಎಂದ ಮೇಲೆಯೇ ನಿಲ್ಲಿಸಿದ್ದು.

ಅಲ್ಲಿಂದ ಇಬ್ಬರಿಗೂ ಅದೇ ಬದುಕಾಯಿತು. ಅವನು ಓಡಿಸುವುದು, ಅವಳು ಒಳಗೆ ರೊಟ್ಟಿ ಬಡಿಯುವುದು. ಹಂಪಿಗೆ, ಸಂಡೂರಿನ ಗುಡ್ಡಕ್ಕೆ, ಕಂಪ್ಲಿಯ ಹೊಳೆದಂಡೆಗೆ. ಕೂರಲಾಗದ ಮುದುಕರನ್ನು, ಹಸುಗೂಸಿನ ತಾಯಂದಿರನ್ನು ಹೆಚ್ಚಾಗಿ ಕರೆದೊಯ್ಯುತ್ತಿದ್ದರು. ಪಂಪು ಒತ್ತುವ ಆ ಕೆಂಪು ಎಣ್ಣೆಯೇ ತನ್ನ ಬಲಗೈ ಎಂದು ಓಬಳಪ್ಪನಿಗೆ ಗೊತ್ತಿತ್ತು. ಅದು ಒಂದು ದಿನ ಕೈಕೊಟ್ಟರೆ, ಗಾಡಿ ಕೆಟ್ಟಿದೆ ಎಂದು ಯಾರೂ ಅನ್ನುವುದಿಲ್ಲ, ಡ್ರೈವರು ಮುಗಿದ ಎನ್ನುತ್ತಾರೆ. ಬೇರೆ ಯಾವುದಕ್ಕೂ ಅವನು ಇಷ್ಟು ಹೆದರಿರಲಿಲ್ಲ.

ಹೋದ ಬೇಸಿಗೆಯಲ್ಲಿ ಎಣ್ಣೆ ಇಳಿಯತೊಡಗಿತು. ಇವತ್ತು ತುಂಬಿಸಿದರೆ ಮರುವಾರ ಕಡಿಮೆ. ಹೊಸಪೇಟೆಯ ಮೆಕ್ಯಾನಿಕ್ ಯಲ್ಲೇಶನಿಗೆ ತೋರಿಸಿದ. ಯಲ್ಲೇಶ ಭೀಮವ್ವನ ಕಡೆಯ ನೆಂಟ, ನಡುವಯಸ್ಸಿನವನು, ಎಲ್ಲದಕ್ಕೂ ತಮಾಷೆ ಮಾಡುವವನು.

"ಕೆಳಗ ಸೋರ್ತೈತೇನು ಮಾವ?"

"ಇಲ್ಲೋ. ದಿನಾ ಬಗ್ಗಿ ನೋಡ್ತೀನಿ. ಒಂದ್ ಹನಿ ಇಲ್ಲ."

"ಹಂಗಾದ್ರ ಗಾಡಿ ಕುಡಿಯಾಕತ್ತೈತಿ ಅನ್ನು. ನಿನ್ನ ಜೋಡಿ ಇದ್ದು ಕಲ್ತೈತಿ."

"ನಾ ಬಿಟ್ಟು ಎಷ್ಟ್ ವರ್ಷ ಆತಲೇ."

"ನೀ ಬಿಟ್ಟಿ, ಅದು ಹಿಡಿದೈತಿ." ಯಲ್ಲೇಶ ಕೈ ಒರೆಸಿಕೊಂಡು ನಗುವುದನ್ನು ನಿಲ್ಲಿಸಿದ. "ಮಾವ, ಒತ್ತಡದ ಹೋಸ್ ಹಳೇದಾಗೈತಿ. ಸೋರಲಿ ಬಿಡಲಿ, ಬದಲಿ ಮಾಡೂನು. ಅಳತಿ ತಗೊಂಡು, ಎರಡೂ ತುದಿಗೆ ಕಬ್ಬಿಣದ ಮೂತಿ ಒತ್ತಿಸಿ ಹೊಸದು ಮಾಡ್ಸಿ ಇಡ್ತೀನಿ. ಜೆಸಿಬಿ ಹೋಸ್ ಒತ್ತೋರು ಇದಾರಲ್ಲ."

"ಇಟ್ಟಿರು. ಈಗ ಬ್ಯಾಡ. ಸೋರದ್ದಕ್ಕ ಯಾಕ ಬಿಚ್ಚೋದು."

ಬೇಡವೆಂದದ್ದಕ್ಕೆ ಕಾರಣ ಬೇರೆ ಇತ್ತು. ಹೋಸು ಬದಲಿಸಿದ ಮೇಲೆ ಎಣ್ಣೆಯೊಳಗೆ ಗಾಳಿ ಸೇರಿಕೊಳ್ಳುತ್ತದೆ. ಅದನ್ನು ಹೊರಗೆ ಹಾಕಲು ಮುಂದಿನ ಚಕ್ರಗಳನ್ನು ಜಾಕಿಯ ಮೇಲೆ ಎತ್ತಿ, ಇಂಜಿನ್ ಆರಿಸಿಟ್ಟು, ಡ್ರೈವರು ಕುಳಿತು ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಮೆಲ್ಲಗೆ, ಮತ್ತೆ ಮತ್ತೆ, ಬರೀ ಕೈಬಲದಿಂದ ತಿರುಗಿಸಬೇಕು. ಒಬ್ಬ ಡಬ್ಬಿ ನೋಡುತ್ತಿರುತ್ತಾನೆ, ಒಬ್ಬ ತಿರುಗಿಸುತ್ತಿರುತ್ತಾನೆ. ಯಲ್ಲೇಶ ಡಬ್ಬಿ ನೋಡಿದರೆ ತಿರುಗಿಸುವವನು ತಾನೇ. ಆ ಹೊತ್ತನ್ನು ಓಬಳಪ್ಪ ಮುಂದೂಡುತ್ತ ಬಂದ. ಸೋರುತ್ತಿಲ್ಲ ಎಂದು ಹೇಳಿದ್ದು ಮಾತ್ರ ಸುಳ್ಳಲ್ಲ. ಪ್ರತಿದಿನವೂ ವಡ್ಡಿನ ತನ್ನ ಅಂಗಳದಲ್ಲಿ ಮೊಣಕಾಲೂರಿ, ಗಾಡಿಯ ಕೆಳಗೆ ತಲೆ ಹಾಕಿ ನೋಡುತ್ತಿದ್ದ. ನೆಲ ಎಂದಿನ ಹಾಗೆಯೇ ಇರುತ್ತಿತ್ತು.

ಶ್ರಾವಣದಲ್ಲಿ ಕಂಪ್ಲಿಯಿಂದ ಕರೆ ಬಂತು. ಅಲ್ಲಿಯ ಗದ್ದೆಯವರ ಮನೆಯ ಲಿಂಗರಾಜನ ತಾಯಿ ಜಂಬಕ್ಕ ಸೊಂಟದ ಮೂಳೆ ಮುರಿದು ಮಲಗಿದ್ದವಳು. ತವರು ಸಂಡೂರು. ಒಂದು ಸಲ ಆ ಗುಡ್ಡಗಳನ್ನು ನೋಡಬೇಕೆಂದು ಹಟ ಹಿಡಿದಿದ್ದಳು. ಮಲಗಿಕೊಂಡೇ ಹೋಗಬಹುದಾದ ಗಾಡಿ ಈ ಸೀಮೆಗೆ ಇದೊಂದೇ. ಓಬಳಪ್ಪ, ಭೀಮವ್ವ ಹಿಂದಿನ ಸಂಜೆಯೇ ಹೋಗಿ ಲಿಂಗರಾಜನ ಮನೆಯ ಮುಂದೆ, ಕಲ್ಲುಚಪ್ಪಡಿಯ ಅಂಗಳದಲ್ಲಿ ಗಾಡಿ ನಿಲ್ಲಿಸಿದರು. ಕತ್ತಲಾಗುವ ಮುಂಚೆ ಆ ಮನೆಯವರು ಗಾಡಿಗೆ ಪೂಜೆ ಮಾಡಿದರು. ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು, ಕುಂಕುಮದ ನೀರಿನ ಆರತಿ ಎತ್ತಿ ಚಕ್ರದ ಬಳಿ ಚೆಲ್ಲಿದರು.

ಬೆಳಿಗ್ಗೆ ಭೀಮವ್ವ ನೋಡಿದಾಗ ಚಪ್ಪಡಿಯ ಮೇಲೆ ಅಂಗೈಯಗಲದ ಕೆಂಪು ಇನ್ನೂ ಹಸಿಯಾಗಿಯೇ ಇತ್ತು.

"ರಾತ್ರಿಯೆಲ್ಲಾ ಆದ್ರೂ ಆರತಿ ನೀರು ಒಣಗಿಲ್ಲ ನೋಡ್ರಿ. ಒಳ್ಳೇದಾಗ್ತೈತಿ."

ಓಬಳಪ್ಪನೂ ನೋಡಿದ. ನೋಡಿ, ಕೈಮುಗಿದು, ಅದನ್ನು ತುಳಿಯದಂತೆ ಸುತ್ತಿ ಬಂದ. ತಾಯಿಯನ್ನು ಎತ್ತಿಕೊಂಡು ಬರುತ್ತಿದ್ದ ಲಿಂಗರಾಜನಿಗೂ ಹೇಳಿದ: "ಆ ಕಡಿಂದ ಬರ್ರಿ ಅಣ್ಣ. ಕುಂಕುಮ ತುಳೀಬ್ಯಾಡ್ರಿ." ಆಮೇಲೆ ಮುಚ್ಚಳ ಎತ್ತಿದ. ಎಣ್ಣೆ ಮತ್ತೆ ಇಳಿದಿತ್ತು. ಜೊತೆಯಲ್ಲಿದ್ದುದನ್ನು ಸುರಿದ, ಬಿರಡೆ ಹಾಕಿದ. ಎರಡನ್ನೂ ಒಂದಕ್ಕೊಂದು ಕೂಡಿಸಿ ನೋಡಲು ಅವನಿಗೆ ಹೊಳೆಯಲಿಲ್ಲ. ದೇವರ ಕೆಂಪನ್ನು ಯಾರು ಮೂಸಿ ನೋಡುತ್ತಾರೆ?

ಹೋಗುವ ದಾರಿ ಸಲೀಸಾಗಿತ್ತು. ಬುಕ್ಕಸಾಗರದ ಬಳಿ ಭತ್ತದ ಗದ್ದೆಗಳ ಹಸಿರು ಕಿಟಕಿಗೆ ತಾಕಿದಾಗ ಜಂಬಕ್ಕ ಮಲಗಿದಲ್ಲಿಂದಲೇ ಹೊಲದವರನ್ನು ಬೈದಳು, ನಾಟಿ ತಡವಾಯಿತೆಂದು. ಭೀಮವ್ವ ತನ್ನ ತವರೂರು ಅದೇ ಎಂದಾಗ, "ಹಂಗಾದ್ರ ನಿಮ್ಮಣ್ಣಗ ಹೇಳವ್ವ, ಸೋಮಾರಿ ಅಂತ" ಎಂದಳು. ಹೊಸಪೇಟೆ ದಾಟಿ ಗುಡ್ಡದ ರಸ್ತೆ ಹಿಡಿದು ಸಂಡೂರಿಗೆ ಇಳಿದರು. ಸುತ್ತ ಗುಡ್ಡಗಳಿರುವ ಊರಿನ ನಡುವೆ, ತಾನು ನೀರು ಹೊತ್ತ ಬೀದಿಯಲ್ಲಿ, ಮುದುಕಿ ಕಿಟಕಿಗೆ ಮುಖ ಒತ್ತಿ ಒಂದೊಂದೇ ಮನೆಯ ಬಾಗಿಲು ನೋಡಿದಳು. ಬೀದಿ ಇಕ್ಕಟ್ಟು. ಓಬಳಪ್ಪ ಗಾಡಿ ಹೊರಳಿಸಲು ನಿಂತಲ್ಲೇ ಪೂರ್ತಿ ಕಟ್ ಎಳೆದು, ಹಳೆಯ ರೂಢಿಯಂತೆ ಅಲ್ಲೇ ಹಿಡಿದ. ಪಂಪು ಕಿರುಚಿತು. ಬಿಟ್ಟ. ಮತ್ತೆ ಸುಮ್ಮನಾಯಿತು.

ಡಬ್ಬಿ ನೋಡಬೇಕಿತ್ತು. ಆದರೆ ತಂದಿದ್ದ ಎಣ್ಣೆ ಮುಗಿದಿತ್ತು, ಜಂಬಕ್ಕನಿಗೆ ಸುಸ್ತಾಗಿತ್ತು, ಲಿಂಗರಾಜ ಗಡಿಯಾರ ನೋಡಿಕೊಳ್ಳುತ್ತಿದ್ದ. ಹೊಸಪೇಟೆಗೆ ಮುಟ್ಟಿದರೆ ಸಾಕು ಎಂದುಕೊಂಡು ಹೊರಟ.

ವಾಪಸು ಏರುವಾಗ ಗುಡ್ಡದ ತಿರುವೊಂದರಲ್ಲಿ ಸ್ಟೀರಿಂಗ್ ಕಲ್ಲಾಯಿತು.

ಪೂರ್ತಿ ಸಿಕ್ಕಿಕೊಂಡಿರಲಿಲ್ಲ. ಪಂಪಿನ ಆಸರೆ ತಪ್ಪಿದಾಗ ಗಾಡಿ ಹೀಗೆಯೇ ಆಗುತ್ತದೆ, ಹಳೆಯ ಟಿಪ್ಪರಿನಂತೆ. ಗಟ್ಟಿ ಕೈಯವನು ಎಳೆದುಕೊಂಡು ಹೋಗಬಹುದು. ಓಬಳಪ್ಪ ಎಡಗೈಯಿಂದ ಎಳೆದ. ಅರ್ಧ ಬಂತು. ಬಲಗೈ ಸ್ಟೀರಿಂಗಿನ ಮೇಲಿತ್ತು, ಆದರೆ ಬರೀ ಇಟ್ಟಿದ್ದ ಹಾಗಿತ್ತು. ಎದುರಿಗೆ ತಡೆಗೋಡೆ, ಅದರಾಚೆ ಇಳಿಜಾರು. ಬ್ರೇಕು ಒತ್ತಿದ. ಒತ್ತುತ್ತಲೇ ಅವನ ತೋಳಿನ ಪಕ್ಕದಿಂದ ಬಳೆಗಳ ಎರಡು ಕೈ ಬಂದು ಸ್ಟೀರಿಂಗ್ ಹಿಡಿದವು.

"ಎಳೀರಿ," ಎಂದಳು ಭೀಮವ್ವ.

ಇಬ್ಬರೂ ಎಳೆದರು. ಗಾಡಿ ಹೊರಳಿ, ಗುಡ್ಡದ ಮಗ್ಗುಲಿನ ಅಗಲ ಜಾಗದಲ್ಲಿ ನಿಂತಿತು. ಹಿಂದಿನಿಂದ ಅದಿರಿನ ಲಾರಿಯೊಂದು ಹಾರ್ನ್ ಹಾಕಿ ದಾಟಿಹೋಯಿತು.

"ಏನಾತ್ರಿ?" ಎಂದು ಲಿಂಗರಾಜ ಎದ್ದು ಬಂದ.

ಭೀಮವ್ವ ಸೆರಗು ಸರಿಪಡಿಸಿಕೊಂಡು, "ಎಣ್ಣಿ ಹೋಗೈತ್ರಿ. ಗಾಡಿ ಹಳೇದಲ್ರಿ. ನಮ್ಮ ಯಲ್ಲೇಶನ್ನ ಕರೀತೀವಿ, ಬರ್ತಾನ" ಎಂದಳು. ಗಂಡನ ಕೈಯ ಮಾತೆತ್ತಲಿಲ್ಲ. ಹಿಂದೆ ಯಾವತ್ತೂ ಎತ್ತಿರಲಿಲ್ಲ. ಕೊಡ ಎತ್ತಬೇಕಾದಾಗ, ಅಟ್ಟದಿಂದ ಏನಾದರೂ ಇಳಿಸಬೇಕಾದಾಗ, ಅವನು ಕೇಳುವ ಮೊದಲೇ ಅವಳು ಮಾಡಿಬಿಡುತ್ತಿದ್ದಳು. ಅವಳಿಗೆ ಗೊತ್ತಿಲ್ಲವೆಂದು ಅವನು ಅಂದುಕೊಂಡಿದ್ದ.

ಯಲ್ಲೇಶ ಬಂದ. ಹೊಸ ಹೋಸು, ಎಣ್ಣೆಯ ಡಬ್ಬಗಳು, ಜಾಕಿ ಎಲ್ಲ ತಂದಿದ್ದ. ಗಾಡಿಯ ಕೆಳಗೆ ತೂರಿ, ಬೆನ್ನ ಮೇಲೆ ಮಲಗಿದಲ್ಲಿಂದಲೇ ಕೂಗಿದ: "ಮಾವ, ಬಗ್ಗು ಸ್ವಲ್ಪ. ಸೋರಲ್ಲ ಅಂದಿದ್ದೆಲ್ಲ?"

"ಇಲ್ಲೋ ಯಪ್ಪಾ."

"ಕೈ ಕೊಡು." ಯಲ್ಲೇಶ ರಸ್ತೆ ಬದಿಯ ಮಣ್ಣನ್ನು ಒಂದು ಹಿಡಿ ಎತ್ತಿ ಅವನ ಅಂಗೈಗೆ ಹಾಕಿದ. ಹೋಸಿನ ತುದಿಯಿಂದ ಇನ್ನೂ ಜಿನುಗುತ್ತಿದ್ದ ಎಣ್ಣೆಯನ್ನು ಬೆರಳಲ್ಲಿ ತಂದು ಅದರ ಮೇಲೆ ಒರೆಸಿದ. ಮಣ್ಣು ಕೆಂಪು, ಎಣ್ಣೆ ಕೆಂಪು. ಒರೆಸಿದ ಗುರುತೇ ಕಾಣಲಿಲ್ಲ. "ಮೂಸು."

ಓಬಳಪ್ಪ ಮೂಸಿದ. ದಿನಾ ಮೂಸುತ್ತಿದ್ದ ಅದೇ ವಾಸನೆ. ಹುಟ್ಟಿದಾಗಿನಿಂದ ನೋಡಿದ್ದು ಇದೇ ಕೆಂಪು ನೆಲ. ಅಂಗಿ ಕೆಂಪು, ಗಾಡಿಯ ಹೊಟ್ಟೆ ಕೆಂಪು, ಕೆಮ್ಮಿದರೆ ಕಫ ಕೆಂಪು. ತಿಂಗಳುಗಟ್ಟಲೆ ಅಂಗಳದಲ್ಲಿ ಮೊಣಕಾಲೂರಿ ನೋಡಿದ್ದ. ನೆಲ ಎಲ್ಲವನ್ನೂ ಕುಡಿದು ಸುಮ್ಮನಿತ್ತು.

"ಹಂಗಾದ್ರ ಕಂಪ್ಲಿಯಾಗ..." ಎಂದ.

"ಕಂಪ್ಲಿಯಾಗ ಏನು?"

"ಕೈಮುಗಿದ್ನೆಲ್ಲೋ."

ಆರತಿ ನೀರೆಂದು ಎಣ್ಣೆಗೇ ಕೈಮುಗಿದ ವಿಷಯ ತಿಳಿದು ಯಲ್ಲೇಶ ಹೊಟ್ಟೆ ಹಿಡಿದು ನಕ್ಕ. ಭೀಮವ್ವನಿಗೂ ನಗು ಬಂತು. ಓಬಳಪ್ಪನೂ ನಕ್ಕ, ಆದರೆ ಆ ನಗುವಿನಲ್ಲಿ ಬಲವಿರಲಿಲ್ಲ. ಯಲ್ಲೇಶ ಮುಂದುವರಿಸಿದ: "ಪೂರ್ತಿ ಕಟ್ ಎಳದು ಹಿಡ್ಯಾದು ಬಿಡು ಅಂತ ಎಷ್ಟ್ ಸಲ ಹೇಳೀನಿ? ಕೊನೀಗೆ ಮುಟ್ಟಿದ ಕೂಡ್ಲೆ ಚೂರು ಸಡಿಲ ಬಿಡಬೇಕು. ಹಿಡಿದ್ರ ಒತ್ತಡ ಎಲ್ಲಾ ಈ ಹೋಸಿನ ಕುತಿಗಿಗೆ. ಇದೇನು ನಿಮ್ಮ ಟಿಪ್ಪರ್ ಅಲ್ಲ."

ಹೋಸು ಬದಲಾಯಿತು. ಮುಂದಿನ ಚಕ್ರಗಳನ್ನು ಜಾಕಿಯ ಮೇಲೆ ಎತ್ತಿದರು. ಯಲ್ಲೇಶ ಡಬ್ಬಿ ತುಂಬಿಸಿ, ಬ್ಯಾಟರಿ ಬೆಳಕು ಬಿಟ್ಟುಕೊಂಡು ಅದರ ಮೇಲೆ ಬಗ್ಗಿದ.

"ಕುಂದ್ರು ಮಾವ. ಮೆಲ್ಲಕ ಎಡಕ್ಕ."

ಓಬಳಪ್ಪ ಹತ್ತಿ ಕುಳಿತ. ಅಷ್ಟು ದಿನ ಮುಂದೂಡಿದ್ದ ಹೊತ್ತು ಇದೇ. ಎಡಗೈಯಿಂದ ತಳ್ಳಿದ. ಗುಡ್ಡದ ಆ ತಿರುವಿನಲ್ಲಿ ಎಡಗೈಯ ಬಲವೂ ಮುಗಿದುಹೋಗಿತ್ತು. ಸ್ಟೀರಿಂಗ್ ಕಾಲುಭಾಗ ಹೊರಳಿ ನಿಂತಿತು. ಬಲಗೈಯನ್ನೂ ಹಚ್ಚಿದ. ಭುಜದಿಂದ ಕಿವಿಯವರೆಗೆ ಬೆಂಕಿ ಹತ್ತಿದಂತಾಯಿತು. ಚಕ್ರಗಳು ನೆಲದಿಂದ ಮೇಲೆ, ಗಾಳಿಯಲ್ಲಿದ್ದವು. ಅವುಗಳ ಮೇಲೆ ಗಾಡಿಯ ಭಾರವೂ ಇರಲಿಲ್ಲ.

ಮುಂದಿನಿಂದ ಯಲ್ಲೇಶ ತಲೆ ಎತ್ತಿದ. ಗಾಜಿನ ಆಚೆ ಮಾವನ ಮುಖ ಕಂಡಿತು. ಬಾಯಿಗೆ ಬಂದಿದ್ದ ತಮಾಷೆಯನ್ನು ನುಂಗಿದ. ತಲೆ ತಗ್ಗಿಸಿ ಮತ್ತೆ ಡಬ್ಬಿ ನೋಡಿದ.

"ನಿಂದ್ರು ಮಾವ, ಗುಳ್ಳಿ ಏಳಾಕತ್ಯಾವ. ಸ್ವಲ್ಪ ತಡಿ."

ಗುಳ್ಳೆ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಓಬಳಪ್ಪ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಕುಳಿತ. ಆಮೇಲೆ ಬಾಗಿಲು ತೆಗೆದು ಇಳಿದ.

"ಭೀಮಿ, ನೀ ಕುಂದ್ರು."

ಅವಳು ಅವನ ಮುಖ ನೋಡಿದಳು. ಹತ್ತಿ ಕುಳಿತು, ರಾಗಿಕಲ್ಲು ತಿರುವಿದವಳ ಹಾಗೆ ಎರಡೂ ಕೈಯಿಂದ ತಿರುಗಿಸಿದಳು.

"ಕೊನೀಗೆ ಮುಟ್ಟಿತೇನು? ಹಿಡೀಬ್ಯಾಡ, ಬಿಡು. ಈಗ ಬಲಕ್ಕ. ಮೆಲ್ಲಕ... ಜಲ್ದಿ ಬ್ಯಾಡ, ನೊರಿ ಬರ್ತೈತಿ." ಓಬಳಪ್ಪ ಕಿಟಕಿಯ ಬಳಿ ನಿಂತು ಹೇಳಿಕೊಟ್ಟ. ಡಬ್ಬಿಯಲ್ಲಿ ಗಾಳಿ ಮೇಲೆದ್ದು ಒಡೆಯಿತು, ಎಣ್ಣೆ ಇಳಿಯಿತು, ಯಲ್ಲೇಶ ಸುರಿದ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಕೊನೆಗೆ ಇಂಜಿನ್ ಚಾಲೂ ಮಾಡಿದಾಗ ಪಂಪು ಸದ್ದಿಲ್ಲದೆ ತಿರುಗಿತು. ಸ್ಟೀರಿಂಗ್ ಒಂದು ಬೆರಳಿಗೆ ಬಂತು. ಬೆಣ್ಣೆ.

"ಬಾ ಮಾವ, ಈಗ ಏನೂ ಚಿಂತಿ ಇಲ್ಲ, ಓಡ್ಸು," ಎಂದ ಯಲ್ಲೇಶ, ಅವನ ಮುಖ ನೋಡದೆ.

ಗಾಡಿ ಸರಿಯಾಗಿತ್ತು. ಹೋಗಿ ಕುಳಿತಿದ್ದರೆ ಕಂಪ್ಲಿಯವರೆಗೂ ಓಡಿಸಿಬಿಡುತ್ತಿದ್ದ. ಯಾರೂ ಏನೂ ಅನ್ನುತ್ತಿರಲಿಲ್ಲ. ಓಬಳಪ್ಪ ಬೀಗದ ಕೈಯನ್ನು ಕಿತ್ತು ಯಲ್ಲೇಶನ ಅಂಗಿಯ ಜೇಬಿಗೆ ಹಾಕಿದ.

"ಗಾಡಿದು ಸರಿ ಆತು. ನಂದು ಸರಿ ಆಗಂಗಿಲ್ಲ. ಆ ತಿರುವಿನ್ಯಾಗ ಭೀಮಿ ಕೈ ಬರದಿದ್ರ ಆ ಮುದುಕಿ ಎಲ್ಲಿರ್ತಿದ್ಲು? ನೀ ಓಡ್ಸು."

"ಮಾವ, ಇವತ್ತೊಂದಿನ..."

"ಇವತ್ತೊಂದಿನ ಅಲ್ಲಲೇ."

ಹಿಂದೆ ಹೋಗಿ, ಜಂಬಕ್ಕನ ಎದುರಿನ ಮಂಚದ ಮೇಲೆ ಮಲಗಿದ. ಇಷ್ಟು ವರ್ಷ ಓಡಿಸಿದ ಗಾಡಿಯಲ್ಲಿ ಅವನು ಆ ಮಂಚದ ಮೇಲೆ ಬೆನ್ನು ಚಾಚಿದ್ದು ಅದೇ ಮೊದಲು. ಚಾವಣಿಯಲ್ಲಿ ಯಾವುದೋ ಮಗು ಬಣ್ಣದ ಪೆನ್ಸಿಲಿನಿಂದ ಗೀಚಿದ್ದನ್ನು ಕಂಡ. ಅದು ಅಲ್ಲಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಏನ್ ಡ್ರೈವರಣ್ಣ, ನೀವೂ ಮಲಗಿದ್ರಿ?" ಎಂದಳು ಜಂಬಕ್ಕ.

"ಹೂನವ್ವ. ನಾನೂ ಗಿರಾಕಿ ಆದೆ."

"ಒಳ್ಳೇದಾತು ಬಿಡ್ರಿ. ಮಾತಿಗೊಬ್ರು ಸಿಕ್ರಿ." ಆಕೆ ಕಿಟಕಿಯ ಕಡೆ ಮುಖ ತಿರುಗಿಸಿ, "ಮೊದ್ಲು ಭಾಳ ಬ್ಯಾಸರ ಆಗ್ತೈತ್ರಿ. ಆಮ್ಯಾಲೆ ಕಿಟಕಿ ಚಂದ ಕಾಣಾಕ ಹತ್ತೈತಿ" ಎಂದಳು.

ಗಾಡಿ ಇಳಿಯುವಾಗ ಪ್ರತಿ ತಿರುವಿನಲ್ಲೂ ಅವನ ಎಡಗೈ ಹೊದಿಕೆಯ ಮೇಲೆ ತಾನಾಗಿ ಹೊರಳುತ್ತಿತ್ತು. ಭೀಮವ್ವ ಬಂದು ಪಕ್ಕದಲ್ಲಿ ಕುಳಿತು ಆ ಕೈಯನ್ನು ಹಿಡಿದುಕೊಂಡಳು. ಹೊಸಪೇಟೆ ಬರುವ ಹೊತ್ತಿಗೆ ಅವನಿಗೆ ನಿದ್ದೆ ಬಂದಿತ್ತು.

ಆಮೇಲೆ ಅವನು ಹೆಚ್ಚು ದಿನ ಇರಲಿಲ್ಲ. ಎದೆಯೊಳಗೆ ಧೂಳು ಮೊದಲಿನಿಂದಲೂ ಕೂತಿತ್ತು. ಉಸಿರು ದಿನದಿನಕ್ಕೆ ಗಿಡ್ಡವಾಯಿತು. ಮಲಗಿದಲ್ಲಿಂದಲೇ ಭೀಮವ್ವನಿಗೆ ಬೆಲ್ಟು ಒತ್ತಿ ನೋಡುವುದನ್ನು, ಎಣ್ಣೆ ಮೂಸುವುದನ್ನು ಹೇಳಿಕೊಟ್ಟ. ಕೊನೆಯವರೆಗೂ ಕೈಯ ಮಾತನ್ನು ಇಬ್ಬರೂ ಆಡಲಿಲ್ಲ.

ಈಗ ಮನಿಗಾಡಿ ಬುಕ್ಕಸಾಗರದಲ್ಲಿ, ಭೀಮವ್ವನ ಅಣ್ಣನ ಹಿತ್ತಲಿನ ಬೋಳು ಬಂಡೆಯ ಮೇಲೆ ನಿಂತಿದೆ. ಗಿರಾಕಿ ಬಂದಾಗ ಯಲ್ಲೇಶ ಓಡಿಸುತ್ತಾನೆ. ಉಳಿದ ದಿನ ಬೆಳಿಗ್ಗೆ ಭೀಮವ್ವ ಹತ್ತಿ ಕುಳಿತು, ಇಂಜಿನ್ ಚಾಲೂ ಮಾಡಿ, ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಾಳೆ. ನಿಂತ ಗಾಡಿಯ ರಬ್ಬರಿನ ಸೀಲು ಒಣಗಬಾರದು. ಕೊನೆಗೆ ಮುಟ್ಟಿದ ಕೂಡಲೇ ಚೂರು ಸಡಿಲ ಬಿಡುತ್ತಾಳೆ. ಆಮೇಲೆ ಇಳಿದು, ಮೊಣಕಾಲೂರಿ, ಬಂಡೆಯನ್ನು ನೋಡುತ್ತಾಳೆ. ಬೂದುಬಣ್ಣದ ಒಣ ಕಲ್ಲು. ಆದರೂ ಅಂಗೈಯಿಂದ ಒಂದು ಸಲ ಸವರಿ, ಮೂಸಿ, ಏಳುತ್ತಾಳೆ.